ಅರ್ಜಿಯೊಳಗಿನ ಪಾದ

ಸ್ವಲ್ಪ ಉದ್ದ ಐತಿ, ಓದ್ರಿ.

ಹೋದ ವಾರ ಮುಕ್ಕುಂದದ ನಮ್ಮ ತಂಗಿಯೊಬ್ಬಳು ಕೆಲಸದ ಅರ್ಜಿ ಬರೆದು ವಾಟ್ಸಾಪಿಗೆ ಫೋಟೋ ಹಾಕಿದ್ಲು. ಡಿಗ್ರಿ ಮುಗಿಸ್ಯಾಳ, ಕಂಪ್ಯೂಟರ್ ಬರ್ತದ. ಅರ್ಜಿ ಶುರುವಾಗಿದ್ದು ‘ದಯಾಮಯರಾದ ಸಾಹೇಬರ ಪಾದಕಮಲಗಳಿಗೆ’ ಅಂತ. ಮುಗಿದಿದ್ದು ‘ತಮ್ಮ ಅತ್ಯಂತ ವಿಧೇಯ ಸೇವಕಿ’ ಅಂತ. ‘ಯಾಕವ್ವಾ ಹಿಂಗ?’ ಅಂದೆ. ‘ಝೆರಾಕ್ಸ್ ಅಂಗಡಿಯವ್ರು ಹೇಳಿದ್ರಣ್ಣ, ಹಿಂಗ ಬರೀಲಿಲ್ಲಂದ್ರ ಸೊಕ್ಕು ಅಂತಾರಂತ’ ಅಂದ್ಲು.

ಈ ಪಾದ ಅರ್ಜಿಯೊಳಗ ಎಲ್ಲಿಂದ ಬಂತು?

ಮುಕ್ಕುಂದ ಇರೋದು ತುಂಗಭದ್ರೆಯ ದಂಡೆ ಮೇಲೆ. 1948ರವರೆಗೆ ಈ ಹೊಳೆಯೇ ಎರಡು ಆಡಳಿತಗಳ ಗಡಿ. ಈಚೆ ದಂಡೆ ನಿಜಾಮನದು. ಆಚೆ ಬಳ್ಳಾರಿ ಸೀಮೆ 1800ರಲ್ಲೇ ಇಂಗ್ಲಿಷರ ಪಾಲಾಗಿ ಮದ್ರಾಸಿಗೆ ಸೇರಿತ್ತು. ಈಚೆ ಕಚೇರಿ ಭಾಷೆ ಉರ್ದು. ‘ಅರ್ಜಿ’ ಅನ್ನೋ ಮಾತೇ ಅರಬ್ಬಿ-ಪಾರಸಿ ದಾರಿಯಿಂದ ಬಂದದ್ದು. ಆ ಪದ್ಧತಿಯ ಅರ್ಜಿಯಲ್ಲಿ ಅಧಿಕಾರಿ ‘ಗರೀಬ್ ಪರ್ವರ್’, ಅಂದ್ರೆ ಬಡವರನ್ನು ಸಾಕುವವನು. ಬರೆಯೋನು ‘ಫಿದ್ವಿ’, ಅಂದ್ರೆ ತನ್ನನ್ನೇ ಅರ್ಪಿಸಿಕೊಂಡವನು. ಆಚೆ ದಂಡೆಯ ಇಂಗ್ಲಿಷೇನೂ ಕಮ್ಮಿ ಇರಲಿಲ್ಲ. ‘ಹಂಬಲ್ ಪಿಟಿಷನ್’ ಅಂತ ಶುರು, ‘ಮೋಸ್ಟ್ ಒಬೀಡಿಯಂಟ್ ಸರ್ವೆಂಟ್’ ಅಂತ ಸಹಿ. ಬಿಳಿ ಸಾಹೇಬರು ತಮ್ಮತಮ್ಮಲ್ಲೂ ಹಾಗೇ ಸಹಿ ಹಾಕ್ತಿದ್ರು, ಅವರಿಗದು ಬರೀ ಶಿಷ್ಟಾಚಾರ. ನಮ್ಮ ಕೇರಿಗೆ ಬಂದಾಗ ಆ ‘ಸರ್ವೆಂಟ್’ ನಿಜವಾಗಿಯೂ ಆಳೇ ಆಗಿದ್ದ.

ನಮ್ಮವರು ಅರ್ಜಿ ಬರೆಯೋ ಪ್ರಸಂಗವಾದರೂ ಎಲ್ಲಿತ್ತು? ಜೀತಕ್ಕೆ ಯಾರು ಅರ್ಜಿ ಹಾಕ್ತಾರ? ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ರೆ ನೌಕರಿ ಪಕ್ಕಾ, ಮಗನಿಗೂ ಪಕ್ಕಾ! ಹೈದರಾಬಾದ್ ಸಂಸ್ಥಾನದಲ್ಲಿ ಇದರ ಹೆಸರು ‘ಭಗೇಲಾ’. 1943ರಲ್ಲಿ ಆ ಕರಾರುಗಳಿಗೆ ನಿಯಮ ಬಂತು. ಇಡೀ ದೇಶಕ್ಕೆ ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಅಲ್ಲಿ ಸಂಬೋಧನೆ ಒಂದೇ ಕಡೆಯಿಂದ: ನಾವು ‘ಧಣೀ’ ಅನ್ನಬೇಕು, ವಾಪಸ್ ಬರೋದು ‘ಏನಲೇ’.

ಹಂಗಂತ ನಮ್ಮ ಹಿರಿಯರು ಅರ್ಜಿ ಬರೆಯಲೇ ಇಲ್ಲ ಅಂತಲ್ಲ. ಇಂಗ್ಲಿಷರು ಮಹಾರರನ್ನು ಸೈನ್ಯಕ್ಕೆ ತಗೊಳ್ಳೋದು ನಿಲ್ಲಿಸಿದಾಗ, 1894ರಲ್ಲಿ ಗೋಪಾಲ ಬಾಬಾ ವಲಂಗಕರ್ ಮನವಿ ಬರೆದರು. 1910ರಲ್ಲಿ ಶಿವರಾಮ ಜಾನಬಾ ಕಾಂಬಳೆ, ಲಂಡನ್ನಿನಲ್ಲಿ ಭಾರತದ ಮಂತ್ರಿಯಾಗಿದ್ದ ಲಾರ್ಡ್ ಕ್ರೂವರೆಗೆ ಮನವಿ ಮುಟ್ಟಿಸಿದರು. ನನ್ನ ಪ್ರಕಾರ ಅವು ಒಂದಿಡೀ ಸಮುದಾಯದ ಕೆಲಸದ ಅರ್ಜಿಗಳು. ಒಕ್ಕಣೆ ಕಾಲದ್ದು, ವಿನಯದ್ದು. ಒಳಗಿನ ವಾದ ಮಾತ್ರ ಹಕ್ಕಿನದು. 1917ರಲ್ಲಿ, ಮಹಾಯುದ್ಧಕ್ಕೆ ಜನ ಬೇಕಾದಾಗ, ಮಹಾರ್ ಪಲ್ಟಣ್ ಕಟ್ಟಿದರು. ಯುದ್ಧ ಮುಗಿದ ಮೇಲೆ ವಿಸರ್ಜಿಸಿದರು, ಅದು ಬೇರೆ ಕತೆ. ಅವರ ಒಕ್ಕಣೆಗೆ ನಾನು ತಪ್ಪು ಹೇಳಲಾರೆ. ಅವರ ಕೈಯಲ್ಲಿ ಸಂವಿಧಾನ ಇರಲಿಲ್ಲ.

ನಮ್ಮ ಕೈಯಲ್ಲಿದೆ. 16ನೇ ಕಲಂ ಸರ್ಕಾರಿ ನೌಕರಿಯಲ್ಲಿ ಸಮಾನ ಅವಕಾಶ ಅಂತ ಹೇಳ್ತದ. ಅಲ್ಲಿ ದಯೆ, ಕೃಪೆ ಅನ್ನೋ ಮಾತೇ ಇಲ್ಲ. 2021ರಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯ ಮಾತೂರು ಗ್ರಾಮ ಪಂಚಾಯ್ತಿ ತನ್ನ ಕಚೇರಿಯಲ್ಲಿ ‘ಸರ್’, ‘ಮೇಡಂ’ ಬೇಡ, ಅರ್ಜಿಯಲ್ಲಿ ಬೇಡಿಕೊಳ್ಳೋ ಮಾತೂ ಬೇಡ ಅಂತ ನಿರ್ಣಯ ಮಾಡಿತು. ನಮ್ಮಲ್ಲಿ ಯಾವ ಪಂಚಾಯ್ತಿ ಮುಂದೆ ಬರ್ತದೋ ನೋಡೋಣ.

ತಂಗಿಗೆ ನಾನು ಹೇಳಿದ್ದು ಇಷ್ಟು. ‘ಇವರಿಗೆ’ ಅಂತ ಬರೆದು ಹುದ್ದೆ ಬರಿ, ಕಚೇರಿ ವಿಳಾಸ ಬರಿ. ಅರ್ಜಿ ಹೋಗೋದು ಕುರ್ಚಿಗೆ, ಕಾಲಿಗಲ್ಲ. ಆಮೇಲೆ ‘ಮಾನ್ಯರೇ’. ಸಾಕು. ‘ತಾವು’ ಇರಲಿ, ಗೌರವ ಕೊಟ್ರೆ ನಾವೇನು ಸಣ್ಣವರಾಗಲ್ಲ. ‘ಕೃಪೆದೋರಿ ಕೆಲಸ ಕೊಡಬೇಕು’ ತೆಗಿ, ‘ಈ ಹುದ್ದೆಗೆ ನನ್ನನ್ನು ಪರಿಗಣಿಸಬೇಕೆಂದು ಕೋರುತ್ತೇನೆ’ ಅಂತ ಬರಿ. ಕೆಳಗೆ ‘ವಂದನೆಗಳೊಂದಿಗೆ’, ಸಹಿ, ಪೂರ್ತಿ ಹೆಸರು.

ರಾತ್ರಿ ಮತ್ತೆ ಫೋಟೋ ಬಂತು. ಪಾದ ಇಲ್ಲ, ಸೇವಕಿ ಇಲ್ಲ. ಕೆಳಗೆ ಒಂದು ಪ್ರಶ್ನೆ: ‘ಅಣ್ಣಾ, ಮಾರ್ಕ್ಸ್ ಕಾರ್ಡಿನ್ಯಾಗ ನಮ್ಮಪ್ಪನ ಹೆಸರಿನ ಕೊನಿಗೆ ಅಪ್ಪ ಅಂತ ಇಲ್ಲ, ಯಾ ಅಂತ ಬರದಾರ. ಅರ್ಜಿಯೊಳಗ ನಾ ಅಪ್ಪ ಅಂತ ಬರೀಲೇನು?’

ಬರೆದ್ರೆ ದಾಖಲೆ ತಾಳೆ ಆಗಂಗಿಲ್ಲ ಅಂತ ಅರ್ಜಿ ವಾಪಸ್ ಕಳಿಸ್ತಾರ. ಹೆಸರು ತಿದ್ದಿಸೋಕೆ ಏನೇನು ಬೇಕು ಅಂತ ಇವತ್ತು ವಕೀಲರನ್ನ ಕೇಳಾಕ ಹೊಂಟೀನಿ.