ಊರು ಬಿಡದೆಯೇ ಗಡೀಪಾರಾದ ಕವಿ ಕಯ್ಯಾರ ಕಿಞ್ಞಣ್ಣ ರೈ

ಕಯ್ಯಾರ ಕಿಞ್ಞಣ್ಣ ರೈ (1915–2015) ಕಾಸರಗೋಡಿನ ಕನ್ನಡ ಕವಿ, ಅಧ್ಯಾಪಕ, ಕೃಷಿಕ, ಸ್ವಾತಂತ್ರ್ಯ ಹೋರಾಟಗಾರ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಎಂಬ ಚಳವಳಿಯ ದೊಡ್ಡ ದನಿಯೂ ಅವರೇ. ಅವರ ಹೆಸರಲ್ಲೇ ಗಡಿನಾಡಿನ ಗುರುತಿದೆ. ‘ಕಿಞ್ಞ’ ಅಂದರೆ ತುಳುವಿನಲ್ಲಿ ಸಣ್ಣದು, ನಮ್ಮ ಬ್ಯಾರಿ ಮನೆಗಳ ‘ಕುಂಞಿ’ ಇದ್ದ ಹಾಗೆ. ಉಳಿದ ಕನ್ನಡಿಗರು ವರ್ಣಮಾಲೆಯಲ್ಲಿ ಮಾತ್ರ ನೋಡುವ ‘ಞ’ ಅಕ್ಷರ ಇಲ್ಲಿ ಮನುಷ್ಯರ ಹೆಸರಲ್ಲಿ ಸಿಗುತ್ತದೆ.

ದೇಶಭ್ರಷ್ಟ ಕವಿಗಳು ಅಂದ ತಕ್ಷಣ ನಮಗೆ ನೆನಪಾಗುವವರು ಬೇರೆ. ರಂಗೂನಿನಲ್ಲಿ ಬ್ರಿಟಿಷರ ಕೈದಿಯಾಗಿ ಕಣ್ಮುಚ್ಚಿದ ಬಹದ್ದೂರ್ ಶಾ ಜಫರ್, ಬೈರೂತ್‌ನಲ್ಲಿ ದಿನ ಕಳೆದ ಫೈಝ್ ಅಹ್ಮದ್ ಫೈಝ್, ಫೆಲೆಸ್ತೀನಿನ ಮಹ್ಮೂದ್ ದರ್ವೀಶ್. ಇವರೆಲ್ಲ ಊರು ಕಳಕೊಂಡವರು. ಕಯ್ಯಾರರನ್ನು ಯಾರೂ ಊರಿನಿಂದ ಓಡಿಸಲಿಲ್ಲ. ಅವರು ಬದಿಯಡ್ಕ ಹತ್ತಿರದ ಪೆರಡಾಲದಲ್ಲಿ, ತಮ್ಮದೇ ತೋಟದ ನಡುವೆ, ‘ಕವಿತಾ ಕುಟೀರ’ ಎಂಬ ಮನೆಯಲ್ಲೇ ಬಾಳಿದರು. ಆದರೆ 1956ರ ನವೆಂಬರ್ 1ರಂದು ಆ ಮನೆ, ತೋಟ, ಶಾಲೆ ಎಲ್ಲವೂ ಇದ್ದಲ್ಲೇ ಇದ್ದು ಇನ್ನೊಂದು ರಾಜ್ಯಕ್ಕೆ ಸೇರಿದವು. ಸಾಮಾನ್ಯವಾಗಿ ಮನುಷ್ಯ ಗಡಿ ದಾಟುತ್ತಾನೆ. ಇಲ್ಲಿ ಗಡಿಯೇ ಮನುಷ್ಯನನ್ನು ದಾಟಿ ಹೋಯಿತು.

ಆವರೆಗೆ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಕೋರ್ಟು, ಕಚೇರಿ, ಕಾಲೇಜು, ಪತ್ರಿಕೆ, ವ್ಯಾಪಾರ ಎಲ್ಲದಕ್ಕೂ ಮಂಗಳೂರು. ರಾಜ್ಯ ಪುನರ್ವಿಂಗಡಣೆಯಲ್ಲಿ ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಹೋಯಿತು, ಕಾಸರಗೋಡು ಕೇರಳಕ್ಕೆ. ಮುಂದೆ ಸರಕಾರಿ ಕೆಲಸಕ್ಕೆ ಜನ ಕಣ್ಣೂರಿನ ಕಡೆಗೆ ಮುಖ ಮಾಡಬೇಕಾಯಿತು. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ.

ಕಯ್ಯಾರರು ಹುಟ್ಟಿದ್ದು 1915ರ ಜೂನ್ 8ರಂದು. ಮನೆಮಾತು ತುಳು. ನೀರ್ಚಾಲಿನಲ್ಲಿ ಸಂಸ್ಕೃತ ಕಲಿತರು, ಕನ್ನಡದಲ್ಲಿ ವಿದ್ವಾಂಸರಾದರು. ಹನ್ನೆರಡರ ಪ್ರಾಯದಲ್ಲೇ ಕೈಬರಹದ ಪತ್ರಿಕೆ ಮಾಡಿದ ಹುಡುಗ ಮುಂದೆ ಮಂಗಳೂರಿನಲ್ಲಿ ಕೆಲಕಾಲ ಪತ್ರಕರ್ತನೂ ಆದರು. ಗಾಂಧೀಜಿಯ ಪ್ರಭಾವದಿಂದ ಸ್ವಾತಂತ್ರ್ಯ ಚಳವಳಿಗೆ ಇಳಿದರು, ಆಮೇಲೆ ಊರಿಗೆ ಬಂದು ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಮಾಸ್ತರರಾದರು. 1969ರಲ್ಲಿ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ ಬಂತು. ಬದಿಯಡ್ಕ ಪಂಚಾಯತ್‌ನ ಅಧ್ಯಕ್ಷರೂ ಆಗಿದ್ದರು. ಕೇರಳ ಸೇರಿದ್ದನ್ನು ಒಪ್ಪದ ಮನುಷ್ಯ ಕೇರಳದ ಪಂಚಾಯತ್ ನಡೆಸಿದರು ಅಂದರೆ ಕೆಲವರಿಗೆ ವಿಚಿತ್ರ ಅನಿಸಬಹುದು. ಆದರೆ ರಸ್ತೆಗೂ ನೀರಿಗೂ ಗಡಿ ತೀರ್ಮಾನ ಆಗುವವರೆಗೆ ಕಾಯಲು ಆಗುತ್ತದೆಯೇ?

‘ಶ್ರೀಮುಖ’, ‘ಐಕ್ಯಗಾನ’, ‘ಪುನರ್ನವ’, ‘ಚೇತನ’, ‘ಕೊರಗ’, ‘ಶತಮಾನದ ಗಾನ’ ಅವರ ಕವನ ಸಂಕಲನಗಳು. ‘ಐಕ್ಯಗಾನ’ ಎಂಬ ಹೆಸರೇ ಅವರ ಆ ಕಾಲದ ಕನಸನ್ನು ಹೇಳುತ್ತದೆ: ಚದುರಿಹೋದ ಕನ್ನಡ ನಾಡು ಒಂದಾಗಬೇಕು. ಕರ್ನಾಟಕ ಏಕೀಕರಣಕ್ಕಾಗಿ ಹಾಡಿದ ಕವಿಯ ಊರೇ ಏಕೀಕರಣವಾದ ದಿನ ಹೊರಗೆ ಉಳಿಯಿತು. ಬೆಂಗಳೂರು, ಧಾರವಾಡಗಳಲ್ಲಿ ಪ್ರತಿ ನವೆಂಬರ್ 1 ಹಬ್ಬ. ಅವರಿಗೆ ಅದು ನೋವಿನ ದಿನ. ಗಡಿನಾಡಿನ ಸಭೆಗಳಲ್ಲಿ ಈಗಲೂ ಹಾಡುವ ಅವರ ಅತಿ ಪ್ರಸಿದ್ಧ ಕವನದಲ್ಲಿ ಮನೆಗೆ ಬೆಂಕಿ ಬಿದ್ದ ಚಿತ್ರವಿದೆ, ಬೇಗ ಬನ್ನಿ ಅಂತ ನೆರೆಯವರನ್ನು ಕರೆಯುವ ಕೂಗಿದೆ. ಅದು ಸಾಹಿತ್ಯ ವಿಮರ್ಶಕರಿಗಾಗಿ ಬರೆದ ಕವನ ಅಲ್ಲ, ಮೈಕಿನ ಮುಂದೆ ನಿಂತು ಹಾಡಲಿಕ್ಕೆ ಬರೆದದ್ದು. ಅದರ ಬಲ ಇರುವುದೂ ಅಲ್ಲೇ.

ಚಳವಳಿಗೆ ಜನರ ಬೆಂಬಲ ಇತ್ತು. 1957ರ ಕೇರಳದ ಮೊದಲ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಿಂದ ಸ್ವತಂತ್ರ ಅಭ್ಯರ್ಥಿ ಎಂ. ಉಮೇಶ ರಾವ್ ಅವಿರೋಧವಾಗಿ ಗೆದ್ದರು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಶಿಫಾರಸು ಮಾಡಿತು. ಅದೇ ವರದಿ ಬೆಳಗಾವಿಯನ್ನು ಕರ್ನಾಟಕದಲ್ಲೇ ಉಳಿಸಿದ್ದಕ್ಕೆ ಮಹಾರಾಷ್ಟ್ರ ಒಪ್ಪಲಿಲ್ಲ, ಕಾಸರಗೋಡಿಗಾಗಿ ಕೇರಳವೂ ಒಪ್ಪಲಿಲ್ಲ. ವರದಿ ಕಾಗದದಲ್ಲೇ ಉಳಿಯಿತು.

ಈ ಕಥೆಯ ಇನ್ನೊಂದು ಬದಿಯನ್ನು ಬ್ಯಾರಿ ಓದುಗರು ಮರೆಯಬಾರದು. ಮಾಲಿಕ್ ದೀನಾರ್ ಮಸೀದಿಯ ಊರಾದ ತಳಂಗರೆಯಲ್ಲಿ ಟಿ. ಉಬೈದ್ (1908–1972) ಎಂಬ ಇನ್ನೊಬ್ಬ ಕವಿ ಇದ್ದರು. ಅವರೂ ಮಾಸ್ತರರು. ಕನ್ನಡ ಶಾಲೆಯಲ್ಲಿ ಕಲಿತು ಮಲಯಾಳದಲ್ಲಿ ಬರೆದವರು. 1947ರಲ್ಲಿ ಕೋಝಿಕ್ಕೋಡಿನ ಸಾಹಿತ್ಯ ಪರಿಷತ್ ಸಮ್ಮೇಳನದಲ್ಲಿ ಮಾಪಿಳ್ಳ ಹಾಡುಗಳೂ ಮಲಯಾಳ ಸಾಹಿತ್ಯವೇ ಎಂದು ವಾದಿಸಿ ವಿದ್ವಾಂಸರನ್ನು ಒಪ್ಪಿಸಿದವರು. ಕಾಸರಗೋಡು ಕೇರಳ ಸೇರಬೇಕು ಎಂಬುದು ಉಬೈದರ ನಿಲುವು. ಅದಕ್ಕಾಗಿ ಬರೆದ ಕವನದಲ್ಲಿ ಅವರು ಕನ್ನಡ ತಾಯಿಯನ್ನು ಬೈಯುವುದಿಲ್ಲ, ಅವಳಲ್ಲಿ ಅನುಮತಿ ಕೇಳಿ ಹೊರಡುತ್ತಾರೆ. ತಳಂಗರೆಯಿಂದ ಪೆರಡಾಲಕ್ಕೆ ದೊಡ್ಡ ದೂರವಿಲ್ಲ. ಎರಡೂ ಚಂದ್ರಗಿರಿಯ ಒಂದೇ ದಡದಲ್ಲಿವೆ. ಒಬ್ಬ ಕವಿಗೆ ಮನೆ ಸೇರಿದಂತೆ ಆದ ದಿನವೇ ಇನ್ನೊಬ್ಬರಿಗೆ ಮನೆ ಹೋದ ದಿನ.

ನಮ್ಮ ಸಮುದಾಯ ಇವರಿಬ್ಬರ ನಡುವೆ ಇದೆ. ಬ್ಯಾರಿ ಮಾತನ್ನು ಬಹುಕಾಲ ಮಲಯಾಳದ ಉಪಭಾಷೆ ಅಂತಲೇ ಎಣಿಸಲಾಗಿತ್ತು. ಆದರೆ ಬ್ಯಾರಿಗಳು ಓದು ಬರಹ ಮಾಡುವುದು ಕನ್ನಡದಲ್ಲಿ. ತುಳು, ಕೊಂಕಣಿ, ಮರಾಠಿ ಮನೆಮಾತಿನವರ ಸ್ಥಿತಿಯೂ ಹೀಗೇ. ಮನೆಮಾತಿನ ಲೆಕ್ಕ ಹಿಡಿದರೆ ಕಾಸರಗೋಡಿನಲ್ಲಿ ಕನ್ನಡ ಸಣ್ಣದಾಗಿ ಕಾಣುತ್ತದೆ, ಶಾಲೆಯ ಸ್ಲೇಟು ನೋಡಿದರೆ ಅಷ್ಟು ಸಣ್ಣದಲ್ಲ. ತುಳು ಮನೆಮಾತಿನ ಕಯ್ಯಾರರು ಕನ್ನಡಕ್ಕಾಗಿ ಹೋರಾಡಿದ್ದು ಯಾಕೆ ಅನ್ನುವುದಕ್ಕೆ ಇದೇ ಉತ್ತರ.

ದರ್ವೀಶ್ ಅವರ ವಿಷಯಕ್ಕೆ ಮತ್ತೊಮ್ಮೆ ಬರಬೇಕು. 1948ರಲ್ಲಿ ಅವರ ಹಳ್ಳಿ ಅಲ್ ಬಿರ್ವಾ ನಾಶವಾಯಿತು, ಕುಟುಂಬ ಲೆಬನಾನಿಗೆ ಓಡಿತು. ಮರುವರ್ಷ ಕದ್ದು ಹಿಂದಿರುಗಿದರೆ ಇಸ್ರೇಲಿನ ಕಾನೂನಿನಲ್ಲಿ ಅವರು ‘ಹಾಜರಿರುವ ಗೈರುಹಾಜರಿಗಳು’. ಅಲ್ಲಿಯದು ರಕ್ತ ಮತ್ತು ಬುಲ್ಡೋಜರ್‌ಗಳ ಕಥೆ, ಕಾಸರಗೋಡನ್ನು ಅದಕ್ಕೆ ಸಮ ಮಾಡಿದರೆ ಫೆಲೆಸ್ತೀನಿಗೆ ಅನ್ಯಾಯ. ಇಲ್ಲಿ ಮತ ಹಾಕುವ ಹಕ್ಕಿತ್ತು, ಶಾಲೆ ಇತ್ತು, ಜಾಗ ಯಾರೂ ಕಸಿಯಲಿಲ್ಲ. ಹಾಗಂತ ಆ ‘ಹಾಜರಿರುವ ಗೈರುಹಾಜರಿ’ ಎಂಬ ಮಾತು ಕಯ್ಯಾರರ ಕವನ ಓದುವಾಗ ನೆನಪಾಗದೆ ಇರುವುದಿಲ್ಲ. ಕನ್ನಡ ರಾಜ್ಯದ ಹಾಜರಿ ಪುಸ್ತಕದಲ್ಲಿ ಅವರ ಊರಿನ ಹೆಸರಿಲ್ಲ, ಊರಿನಲ್ಲಿ ಕನ್ನಡ ಇದೆ.

ಕಯ್ಯಾರರ ಜಗಳ ನಕ್ಷೆಯ ಜೊತೆ, ಮಲಯಾಳದ ಜೊತೆ ಅಲ್ಲ. ಮಲಯಾಳದ ಮಹಾಕವಿ ಕುಮಾರನ್ ಆಶಾನ್ ಅವರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದವರು ಅವರೇ. ಜಾತಿಯ ವಿರುದ್ಧ ಬರೆದ ಆಶಾನ್, ಕೊರಗರ ಬದುಕಿನ ಬಗ್ಗೆ ಬರೆದ ಕಯ್ಯಾರರಿಗೆ ಹತ್ತಿರದವರು ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಭಾಷೆಯ ಹೋರಾಟ ಅಂದರೆ ಎದುರಿನ ಭಾಷೆಯ ಬೋರ್ಡಿಗೆ ಮಸಿ ಬಳಿಯುವುದು ಅಂದುಕೊಂಡ ಈಗಿನ ಹುಡುಗರು ಈ ಅನುವಾದವನ್ನು ಒಮ್ಮೆ ತೆರೆದು ನೋಡಬೇಕು.

1997ರಲ್ಲಿ ಮಂಗಳೂರಿನಲ್ಲಿ ನಡೆದ 66ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರು. ವಿಲೀನದ ಬೇಡಿಕೆಯನ್ನು ಕೊನೆಯವರೆಗೂ ಬಿಡಲಿಲ್ಲ. ನೂರು ತುಂಬಿದ ಎರಡು ತಿಂಗಳಿಗೆ, 2015ರ ಆಗಸ್ಟ್ 9ರಂದು ತೀರಿಕೊಂಡರು. ದರ್ವೀಶ್ ತೀರಿಕೊಂಡದ್ದೂ ಆಗಸ್ಟ್ 9ರಂದೇ, 2008ರಲ್ಲಿ.

ಅವರು ಹೋದ ಎರಡು ವರ್ಷಕ್ಕೆ ಕೇರಳ ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯ ಮಾಡುವ ಕಾನೂನು ತಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿ ಮಂಗಳೂರಿನ ಆಸ್ಪತ್ರೆಗೆ ಹೊರಟ ಆಂಬುಲೆನ್ಸ್‌ಗಳು ನಿಂತಾಗ, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆಗ ಬಾಗಿಲು ಹಾಕಿದ್ದು ಕರ್ನಾಟಕ.

ಕಯ್ಯಾರರನ್ನು ಓದಲು ಹೊರಡುವವರು ಆತ್ಮಕಥೆ ‘ದುಡಿತವೇ ನನ್ನ ದೇವರು’ ಪುಸ್ತಕದಿಂದ ಶುರು ಮಾಡುವುದು ಒಳ್ಳೆಯದು. ಕವನಗಳಲ್ಲಿ ಕೇಳುವ ಕೂಗಿಗಿಂತ ತಗ್ಗಿದ ದನಿ ಅದರಲ್ಲಿದೆ. ಹೊಲ, ಶಾಲೆ, ಚಳವಳಿ ಎಲ್ಲ ಒಟ್ಟಿಗೆ ಸಿಗುತ್ತವೆ.