ಹದಿನೈದು ಸೋಲು, ನೂರಾ ಹದಿನಾಲ್ಕು ವಿಕೆಟ್

ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಗೆಳೆಯನಿಗೆ ಬೇಸ್‌ಬಾಲ್ ಹುಚ್ಚು. ಮೊನ್ನೆ ಚಹಾ ಕುಡಿಯುವಾಗ, 1916ರಲ್ಲಿ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ಅನ್ನೋ ತಂಡ ಒಂದೇ ಸೀಸನ್ನಿನಲ್ಲಿ 117 ಪಂದ್ಯ ಸೋತ ಕತೆ ಹೇಳಿದ. "ನಿಮ್ಮ ಕ್ರಿಕೆಟ್ಟಿನಲ್ಲಿ ಇಂಥ ತಂಡ ಇದೆಯಾ?" ಅಂತ ಸವಾಲು ಬೇರೆ. ಇದೆ ಮಾರಾಯಾ, ಅದೂ ನಮ್ಮೂರ ಹತ್ತಿರದ ಮನುಷ್ಯನೊಬ್ಬ ಆಡಿದ ತಂಡ ಅಂದೆ. ಅವತ್ತು ಅರ್ಧ ಹೇಳಿದ್ದನ್ನ ಇಲ್ಲಿ ಪೂರ್ತಿ ಬರೀತಿದೀನಿ.

1911. ಐದನೇ ಜಾರ್ಜ್‌ಗೆ ಲಂಡನ್ನಿನಲ್ಲಿ ಪಟ್ಟಾಭಿಷೇಕ ಆದ ವರ್ಷ. ಅದೇ ಬೇಸಿಗೆಯಲ್ಲಿ 'ಆಲ್ ಇಂಡಿಯಾ' ಅನ್ನೋ ಹೆಸರಿನ ಮೊಟ್ಟಮೊದಲ ಕ್ರಿಕೆಟ್ ತಂಡ ಬೊಂಬಾಯಿಯಿಂದ ಹಡಗು ಹತ್ತಿ ಇಂಗ್ಲೆಂಡಿಗೆ ಹೋಯಿತು. ತಂಡ ಆರಿಸಿದ್ದು ಧರ್ಮದ ಲೆಕ್ಕದ ಮೇಲೆ: ಆರು ಪಾರ್ಸಿಗಳು, ಐವರು ಹಿಂದೂಗಳು, ಮೂವರು ಮುಸ್ಲಿಮರು. ಮೇಲೊಬ್ಬ ನಾಯಕ, ಪಟಿಯಾಲಾದ ಸಿಖ್ ಮಹಾರಾಜ ಭೂಪಿಂದರ್ ಸಿಂಗ್. ವಯಸ್ಸು ಹತ್ತೊಂಬತ್ತು! ಬೆಂಗಳೂರಿನ ಜಯರಾಮ್ ಕೂಡ ಈ ತಂಡದಲ್ಲಿದ್ದರು.

ಆಡಿದ್ದು 23 ಪಂದ್ಯ. ಗೆದ್ದದ್ದು 6, ಸೋತದ್ದು 15, ಡ್ರಾ 2. ಅದರಲ್ಲಿ ಪ್ರಥಮ ದರ್ಜೆಯ 14 ಪಂದ್ಯಗಳನ್ನಷ್ಟೇ ತಗೊಂಡರೆ 2 ಗೆಲುವು, 10 ಸೋಲು. ಮಹಾರಾಜರು ಆಡಿದ್ದು ಬೆರಳೆಣಿಕೆಯ ಪಂದ್ಯ. ಔತಣ, ದರ್ಬಾರು, ಭೇಟಿಗಳೇ ಹೆಚ್ಚಾದವು. ತಂಡದ ಒಳ್ಳೇ ಬ್ಯಾಟ್ಸ್‌ಮನ್ ಕೇಕಿ ಮಿಸ್ತ್ರಿ ಮಹಾರಾಜರ ಸೇವೆಯಲ್ಲಿದ್ದವರು, ಹೀಗಾಗಿ ಅವರೂ ಹೆಚ್ಚಿನ ಪಂದ್ಯ ತಪ್ಪಿಸಿಕೊಂಡರು.

ಇನ್ನು ನಮ್ಮ ಮನುಷ್ಯನ ವಿಷಯ. ಪಾಲವಣಕರ ಬಾಲೂ. ಎಡಗೈ ಸ್ಪಿನ್ ಬೌಲರ್. ಹುಟ್ಟಿದ್ದು 1876ರಲ್ಲಿ, ಧಾರವಾಡದಲ್ಲಿ. ನಮ್ಮ ಬೈಲಹೊಂಗಲದಿಂದ ಬಸ್ಸು ಹತ್ತಿದರೆ ಒಂದು ತಾಸಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಮನೆತನ ಕೊಂಕಣದ ಪಾಲವಣ ಊರಿನದು, ಚರ್ಮದ ಕೆಲಸದ ಜಾತಿ, ಅಂದರೆ ಆ ಕಾಲದಲ್ಲಿ 'ಅಸ್ಪೃಶ್ಯ'. ಆಗ ಸಂಪಗಾಂವ ತಾಲೂಕು, ಧಾರವಾಡ, ಪುಣೆ ಎಲ್ಲ ಒಂದೇ ಬೊಂಬಾಯಿ ಪ್ರಾಂತ. ಬಾಲೂ ಬೆಳೆದದ್ದು ಪುಣೆಯಲ್ಲಿ.

ಮೊದಲ ಕೆಲಸ, ಪಾರ್ಸಿಗಳ ಕ್ಲಬ್ಬೊಂದರಲ್ಲಿ ಪಿಚ್ ಗುಡಿಸೋದು, ರೋಲರ್ ಎಳೆಯೋದು. ತಿಂಗಳಿಗೆ ಮೂರು ರೂಪಾಯಿ. ಆಮೇಲೆ 1892ರಲ್ಲಿ ಬಿಳಿಯರ ಪೂನಾ ಕ್ಲಬ್, ಅಲ್ಲಿ ನಾಲ್ಕು ರೂಪಾಯಿ. ಅಲ್ಲಿ ಕ್ಯಾಪ್ಟನ್ ಗ್ರೇಗ್ ಅನ್ನೋ ದೊಡ್ಡ ಬ್ಯಾಟ್ಸ್‌ಮನ್‌ಗೆ ದಿನಾ ನೆಟ್ಸ್‌ನಲ್ಲಿ ಬೌಲ್ ಮಾಡಬೇಕು. ತನ್ನನ್ನ ಔಟ್ ಮಾಡಿದಾಗೆಲ್ಲ ಗ್ರೇಗ್ ಎಂಟಾಣೆ ಕೊಡ್ತಿದ್ದನಂತೆ. ಕತೆ ನಿಜವೋ ಸುಳ್ಳೋ, ಬೌಲಿಂಗ್ ಪಕ್ಕಾ ಆದದ್ದಂತೂ ನಿಜ. ಆದರೆ ಯಾರೂ ಬಾಲೂ ಕೈಗೆ ಬ್ಯಾಟ್ ಮಾತ್ರ ಕೊಡಲಿಲ್ಲ. ಬ್ಯಾಟಿಂಗ್ ಸಾಹೇಬರ ಸೊತ್ತು, ಬೆವರು ಸುರಿಸೋದು ಆಳುಗಳ ಪಾಲು.

ಪುಣೆಯ ಹಿಂದೂ ತಂಡಕ್ಕೆ ಗೆಲ್ಲೋದಕ್ಕೆ ಬಾಲೂ ಬೇಕಾಗಿತ್ತು. ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಅದೇ ಚೆಂಡು ಮುಟ್ಟೋರು. ಚಹಾದ ಹೊತ್ತಿಗೆ ಮಾತ್ರ ಬಾಲೂ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ.

ಇದನ್ನ ಓದಿದಾಗ ನನಗೆ ನೆನಪಾದದ್ದು ನಮ್ಮ ಕಡೆಯ ಒಂದು ಚಹಾದಂಗಡಿ. ಹೊರಗಿನ ಗೋಡೆಯ ಗೂಡಿನಲ್ಲಿ ಮೂರ್ನಾಲ್ಕು ಕಪ್ಪು ಬೇರೆಯೇ ಇಟ್ಟಿರ್ತಿದ್ದರು. "ಅವು ಯಾರವು?" ಅಂತ ಕೇಳಿದ್ದಕ್ಕೆ ಅಜ್ಜ "ಸುಮ್ನ ಕುಡಿ" ಅಂದಿದ್ದ. ನಾನೂ ಸುಮ್ಮನೆ ಕುಡಿದಿದ್ದೆ.

ಮತ್ತೆ ಇಂಗ್ಲೆಂಡಿಗೆ ಬರೋಣ. ಆ ಸೋಲಿನ ಸೀಸನ್ನಿನಲ್ಲಿ 35 ವರ್ಷದ ಬಾಲೂ ಒಟ್ಟು 114 ವಿಕೆಟ್ ತೆಗೆದರು. ಪ್ರಥಮ ದರ್ಜೆಯಲ್ಲೇ 75. ಕೇಂಬ್ರಿಜ್ ವಿಶ್ವವಿದ್ಯಾಲಯದ ಮೇಲೆ ಒಂದೇ ಇನ್ನಿಂಗ್ಸಿನಲ್ಲಿ 103 ರನ್ ಕೊಟ್ಟು 8 ವಿಕೆಟ್. ಪ್ರಥಮ ದರ್ಜೆಯ ಆ ಎರಡೇ ಎರಡು ಗೆಲುವು ನೋಡಿ. ಒಂದು ಲೆಸ್ಟರ್‌ಶೈರ್ ಮೇಲೆ: ಬಾಲೂಗೆ 11 ವಿಕೆಟ್. ಇನ್ನೊಂದು ಸಾಮರ್‌ಸೆಟ್ ಮೇಲೆ, ಒಂದೇ ವಿಕೆಟ್ಟಿನ ಗೆಲುವು: ಔಟಾಗದೆ 113 ಹೊಡೆದವರು ಶಿವರಾಮ್, ಬಾಲೂ ಅವರ ತಮ್ಮ! ಪೆವಿಲಿಯನ್ನಿನ ಹೊರಗೆ ಕೂರಿಸಿದ ಮನೆತನದ ಇಬ್ಬರು ಅಣ್ಣತಮ್ಮಂದಿರು ದೇಶದ ಹೆಸರು ಹೊತ್ತ ತಂಡದ ಮಾನ ಉಳಿಸಿದರು.

ಅದೇ ಜುಲೈ 29ಕ್ಕೆ ಕಲ್ಕತ್ತೆಯಲ್ಲಿ ಮೋಹನ್ ಬಗಾನ್ ತಂಡ ಫುಟ್‌ಬಾಲಿನಲ್ಲಿ ಬಿಳಿಯರ ರೆಜಿಮೆಂಟನ್ನ 2-1ರಲ್ಲಿ ಸೋಲಿಸಿ ಶೀಲ್ಡ್ ಗೆದ್ದಿತು. ಅದು ಇತಿಹಾಸದ ಪುಸ್ತಕ ಸೇರಿತು. ಸೋತವರನ್ನ ಯಾರು ನೆನಪಿಡ್ತಾರೆ?

ಊರಿಗೆ ಬಂದ ಮೇಲೆ ಏನಾಯಿತು? ಸನ್ಮಾನ ಆಯಿತು. ಹಿಂದೂ ತಂಡದ ನಾಯಕತ್ವ ಮಾತ್ರ ಸಿಗಲಿಲ್ಲ. 1913ರಲ್ಲಿ ನಾಯಕನಾದ ಎಂ. ಡಿ. ಪೈ, ಇದು ಹಿರಿಯನಾದ ಬಾಲೂಗೆ ಸಲ್ಲಬೇಕಿತ್ತು ಅಂತ ಸಭೆಯಲ್ಲೇ ಹೇಳಿದರು. 1920ರಲ್ಲಿ ಬಾಲೂ ಅವರನ್ನ ತಂಡದಿಂದಲೇ ಬಿಟ್ಟಾಗ ತಮ್ಮಂದಿರು ತಾವೂ ಆಡೋದಿಲ್ಲ ಅಂತ ಹೊರನಡೆದರು. ಆಮೇಲೆ ಬಾಲೂ ಉಪನಾಯಕರಾದರು. ಪಂದ್ಯದ ನಡುವೆ ನಾಯಕ ಪೈ ಬೇಕಂತಲೇ ಮೈದಾನದಿಂದ ಹೊರಗೆ ಹೋಗಿ ಸ್ವಲ್ಪ ಹೊತ್ತಾದರೂ ತಂಡ ನಡೆಸೋ ಅವಕಾಶ ಮಾಡಿಕೊಟ್ಟರು. ಕೊನೆಗೆ 1923ರಲ್ಲಿ ತಮ್ಮ ವಿಠ್ಠಲ ನಾಯಕನಾದರು, ಗೆದ್ದೂ ಬಂದರು. ಅಣ್ಣನ ಸಾಲ ತಮ್ಮನಿಗೆ ತೀರಿಸಿದ ಹಾಗೆ.

ಆಮೇಲೆ ಬಾಲೂ ರಾಜಕೀಯಕ್ಕೂ ಬಂದರು. 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಒಬ್ಬರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನ ನಿಲ್ಲಿಸಿದ್ದು ಅಂಬೇಡ್ಕರ್ ಎದುರಿಗೆ! ಸೋತರು. ತೀರಿಕೊಂಡದ್ದು 1955ರ ಜುಲೈನಲ್ಲಿ, ಬೊಂಬಾಯಿಯಲ್ಲಿ.

ನನ್ನ ತಕರಾರು ಒಂದೇ. ಆ ತಂಡ ಸೋತದ್ದು ಬರೀ ಆಟದಲ್ಲಿ ಅಲ್ಲ. ಹತ್ತೊಂಬತ್ತರ ಹುಡುಗನಿಗೆ ಹುಟ್ಟಿನಿಂದಲೇ ನಾಯಕತ್ವ ಬಂತು, ಮೂವತ್ತೈದರ ಅನುಭವಿಗೆ ಹುಟ್ಟಿನಿಂದಲೇ ತಪ್ಪಿತು. ಸೋಲಿನ ಬೀಜ ಹಡಗು ಹತ್ತೋ ಮೊದಲೇ ಬಿತ್ತಾಗಿತ್ತು.

ನಾನು ನಾಲ್ಕು ವರ್ಷ ಧಾರವಾಡದಲ್ಲಿ ಇಂಜಿನಿಯರಿಂಗ್ ಓದಿದವನು. ಹಾಸ್ಟೆಲಿನಲ್ಲಿ ರಾತ್ರಿಯಿಡೀ ಕ್ರಿಕೆಟ್ ಮಾತಾಡಿದ್ದೀವಿ. ಕುಂಬ್ಳೆ, ಜೋಶಿ, ಪ್ರಸನ್ನ, ಚಂದ್ರಶೇಖರ್... ನಮ್ಮ ಸ್ಪಿನ್ನರ್‌ಗಳ ಪಟ್ಟಿಯೇ ಹಾಕ್ತಿದ್ವಿ. ಅದೇ ಊರಲ್ಲಿ ಹುಟ್ಟಿದ ಬಾಲೂ ಹೆಸರು ಒಮ್ಮೆಯೂ ಬರಲಿಲ್ಲ. ಲಗಾನ್ ಸಿನಿಮಾದ ಕಚ್ರಾನನ್ನ ನೋಡಿ ಚಪ್ಪಾಳೆ ಹೊಡೆದಿದ್ವಿ, ಇಂಥವನೊಬ್ಬ ನಮ್ಮ ಕಡೆಯೇ ನಿಜವಾಗಿ ಹುಟ್ಟಿದ್ದ ಅಂತ ಗೊತ್ತಿರಲಿಲ್ಲ.

ಮುಂದಿನ ಸಲ ಯಾರಾದರೂ ಅಂಥ ಪಟ್ಟಿ ಹಾಕಿದರೆ, ಮೇಲಿನಿಂದ ಮೊದಲ ಹೆಸರು ಯಾರದ್ದು ಅಂತ ನಿಮಗೆ ಈಗ ಗೊತ್ತಲ್ಲ :-)