ತಿಪ್ಪೆ ಉಪ್ಪರಿಗೆಯಾದ ಬಗೆ

ತಿಪ್ಪೆ ಹೋಗಿ ಉಪ್ಪರಿಗೆಯಾಯಿತು ಎಂಬ ನಮ್ಮ ಹಿರಿಯರ ಗಾದೆ ಅಮೆರಿಕದ ಒಂದು ಮರುಭೂಮಿಯ ಊರಿನಲ್ಲಿ ಅಕ್ಷರಶಃ ನಿಜವಾದುದನ್ನು ನೆನೆದಾಗಲೆಲ್ಲ ನನಗೆ ಸೋಜಿಗವೆನಿಸುತ್ತದೆ.

1982ರಲ್ಲಿ ‘ಇ.ಟಿ.’ ಎಂಬ ಚಲನಚಿತ್ರ ಮನೆಮಾತಾಯಿತು. ಅದನ್ನು ಟೆಲಿವಿಷನ್ ಪರದೆಯ ಮೇಲೆ ಆಡುವ ಆಟವಾಗಿಸುವ ಹಕ್ಕನ್ನು ಅಟಾರಿ ಕಂಪನಿ ಕೊಂಡಿತು. ಕ್ರಿಸ್‌ಮಸ್ ವ್ಯಾಪಾರ ತಪ್ಪಬಾರದೆಂಬ ಅವಸರ. ಹೊವಾರ್ಡ್ ಸ್ಕಾಟ್ ವಾರ್ಷಾ ಎಂಬಾತ ಸುಮಾರು ಐದೇ ವಾರಗಳಲ್ಲಿ ಆಟವನ್ನು ಸಿದ್ಧಪಡಿಸಬೇಕಾಯಿತು. ಕಾರ್ಟ್ರಿಜ್‌ಗಳು ಲಕ್ಷಗಟ್ಟಲೆ ಮಾರಾಟವಾಗದೆ ಉಳಿದವು. ಮರುವರ್ಷ ಅಮೆರಿಕದಲ್ಲಿ ವಿಡಿಯೋ ಆಟಗಳ ವ್ಯಾಪಾರವೇ ಕುಸಿಯಿತು. 1983ರ ಸೆಪ್ಟೆಂಬರಿನಲ್ಲಿ ಕಂಪನಿ ಉಳಿದ ಸರಕನ್ನು ಲಾರಿಗಳಲ್ಲಿ ಹೇರಿ ತಂದು, ನ್ಯೂ ಮೆಕ್ಸಿಕೋದ ಅಲಮೊಗೋರ್ಡೊ ಊರಿನ ಕಸದ ಗುಂಡಿಗೆ ಸುರಿದು, ಮೇಲೆ ಕಾಂಕ್ರೀಟು ಹಾಕಿತು.

2014ರ ಏಪ್ರಿಲಿನಲ್ಲಿ ಆ ಗುಂಡಿಯನ್ನು ಅಗೆದರು. ಸುಮಾರು 1,300 ಕಾರ್ಟ್ರಿಜ್‌ಗಳು ಹೊರಬಂದವು. ಅವುಗಳಲ್ಲಿ 880ರಷ್ಟನ್ನು ಊರಿನ ಆಡಳಿತ ಹರಾಜಿಗಿಟ್ಟು ಒಂದು ಲಕ್ಷ ಡಾಲರಿಗೂ ಮಿಕ್ಕಿ ಹಣ ಪಡೆಯಿತು. ಒಂದು ಪ್ರತಿ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯವನ್ನೂ ಸೇರಿತು.

ಬೆಲೆ ಏರಿದ್ದು ಕೇಡೇ ಆಯಿತೆಂದು ನಾನು ಹೇಳಲಾರೆ. ಬೆಲೆಯುಂಟೆಂದು ತಿಳಿದ ಮೇಲೆ ಅಟ್ಟದ ಮೇಲಿನ ಹಳೆಯ ಆಟವನ್ನು ಗುಜರಿಗೆ ಹಾಕಲು ಯಾರಿಗೂ ಮನಸ್ಸು ಬಾರದು. ಆದರೆ ಆ ಬೆಲೆ ಯಾವುದಕ್ಕೆ? 2021ರ ಜುಲೈನಲ್ಲಿ ‘ದಿ ಲೆಜೆಂಡ್ ಆಫ್ ಜೆಲ್ಡಾ’ದ ಒಂದು ಪ್ರತಿ 8 ಲಕ್ಷ 70 ಸಾವಿರ ಡಾಲರಿಗೆ ಹರಾಜಾಯಿತು. ಎರಡೇ ದಿನಗಳಲ್ಲಿ ‘ಸೂಪರ್ ಮಾರಿಯೋ 64’ರ ಒಂದು ಪ್ರತಿ 15 ಲಕ್ಷ 60 ಸಾವಿರ ಡಾಲರು ಕಂಡಿತು. ಎರಡೂ ಹೊದಿಕೆ ಹರಿಯದವು. ಎಂದರೆ, ಒಮ್ಮೆಯೂ ಆಡದವು.

ಇಲ್ಲೊಂದು ವಿಪರ್ಯಾಸವನ್ನು ವಾಚಕರು ಗಮನಿಸಬೇಕು. 1987ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಜೆಲ್ಡಾ ಕಾರ್ಟ್ರಿಜ್ಜಿನೊಳಗೆ ನಾಣ್ಯದಂಥ ಒಂದು ಬ್ಯಾಟರಿಯಿದೆ. ಆಟಗಾರನ ಹೆಸರನ್ನೂ ಅವನು ಎಷ್ಟು ದೂರ ಬಂದನೆಂಬುದನ್ನೂ ನೆನಪಿನಲ್ಲಿಡುವುದು ಅದರ ಕೆಲಸ. ಆಡಲಿ, ಬಿಡಲಿ, ಬ್ಯಾಟರಿ ಸವೆಯುತ್ತಲೇ ಇರುತ್ತದೆ. ಬದಲಾಯಿಸಬೇಕಾದರೆ ಹೊದಿಕೆ ಹರಿಯಬೇಕು. ಹರಿದರೆ ಬೆಲೆ ಹೋಯಿತು. ಹೀಗಾಗಿ ಲಕ್ಷಗಳ ಬೆಲೆಯ ಆ ವಸ್ತು ಕಪಾಟಿನಲ್ಲಿದ್ದಂತೆಯೇ ಸದ್ದಿಲ್ಲದೆ ಸಾಯುತ್ತಿರುತ್ತದೆ.

ನನ್ನಲ್ಲೂ ಒಂದು ಜೆಲ್ಡಾ ಇದೆ. ಯಂತ್ರದೊಡನೆ ಅದನ್ನು ಅಮೆರಿಕದಿಂದ ತಂದುಕೊಟ್ಟವನು ನನ್ನ ಸೋದರಳಿಯ. ಹೊದಿಕೆಯಿಲ್ಲ, ಡಬ್ಬಿಯಿಲ್ಲ. ಮೊದಲ ಸಲ ಆಡಲು ಕೂತಾಗ ಪರದೆಯ ಮೇಲೆ ಯಾವುದೋ ಮಗುವಿನ ಹೆಸರು ಮೂಡಿತು; ಅರ್ಧಕ್ಕೆ ನಿಲ್ಲಿಸಿದ ಅದರ ಆಟವೂ ಹಾಗೆಯೇ ಕಾದಿತ್ತು. ಅಳಿಸಲು ಮನಸ್ಸು ಬರಲಿಲ್ಲ. ಮುಂದೊಂದು ದಿನ ಬ್ಯಾಟರಿಯೇ ಸತ್ತು ಹೆಸರು ಮಾಯವಾಯಿತು.

ಹೊಸ ಬ್ಯಾಟರಿ ಬೆಸುಗೆ ಹಾಕಿಸಿದೆ. ಮೂಲ ಬಿಡಿಭಾಗ ಹೋಯಿತಲ್ಲಾ, ಇನ್ನೇನು ಬೆಲೆ ಬಂದೀತು ಎಂದು ಸಂಗ್ರಾಹಕ ಮಿತ್ರರು ಮರುಗಿದರು. ಇದ್ದೀತು. ಅಂದು ರಾತ್ರಿ ನಿಲ್ಲಿಸಿದ ಆಟ ಮರುದಿನ ಬೆಳಿಗ್ಗೆ ನಿಂತಲ್ಲಿಂದಲೇ ಮುಂದುವರಿಯಿತು.